ಮಗಳ ಪಟ್ಟಿ, ಅತ್ತೆಯ ಮೊಣಕಾಲು

ಮಗಳಿಗೆ ಒಂಬತ್ತು ತುಂಬಿದ ವರ್ಷ ತೊಡೆಯ ಎಲುಬಿನಲ್ಲಿ ಕ್ಯಾನ್ಸರ್ ಬಂತು. ಲಕ್ಷ್ಮೇಶ್ವರದಿಂದ ಹುಬ್ಬಳ್ಳಿಗೆ ಓಡಾಡುತ್ತಿದ್ದೆವು. ನೋವಿನ ಔಷಧ ಕುಡಿದದ್ದೇ ತಡ, ವಾಂತಿ ಮಾಡಿಬಿಡುತ್ತಿದ್ದಳು. ಕೊನೆಗೆ ಡಾಕ್ಟರು ಬೆನ್ನಿಗೆ ಅಂಟಿಸುವ ಪಟ್ಟಿ ಕೊಟ್ಟರು. ಒಮ್ಮೆ ಹಚ್ಚಿದರೆ ಮೂರು ದಿನ.

"ಭಾಳ ಜೋರಿನ ಔಷಧರಿ ಇದು. ಬ್ಯಾರೆಯವ್ರಿಗೆ ಹತ್ತಿದ್ರ ನಿದ್ದಿಯೊಳಗ ಉಸಿರು ನಿಲ್ಲಬಹುದು. ತೆಗೆದ ಪಟ್ಟಿಯೊಳಗೂ ಉಳದಿರ್ತೈತಿ. ಮಡಚಿ, ಲಕೋಟೆಯೊಳಗ ಹಾಕಿ ನಮಗ ತಂದ್ಕೊಡ್ರಿ" ಎಂದಿದ್ದರು.

ಪಟ್ಟಿ ಹಚ್ಚಿದ ಮರುದಿನ ಮಗಳು ಮಿರ್ಚಿ ಭಜಿ ಬೇಕೆಂದು ಹಟ ಹಿಡಿದಳು. ಅವಳು ಬಾಯಿಬಿಟ್ಟು ಏನಾದರೂ ಕೇಳಿ ಎಷ್ಟೋ ದಿನವಾಗಿತ್ತು. ಅತ್ತೆ ಬೆರಗಾದರು. "ಇಷ್ಟ ಇಷ್ಟು ಹಾಳಿ! ಏನ್ ಕೆಲಸ ಮಾಡ್ತೈತಿ ನೋಡವಾ!"

ಮೂರನೆಯ ದಿನ ಹಳೆಯ ಪಟ್ಟಿ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟೆ. ಹೊಸದನ್ನು ಹಚ್ಚಿ, ಅದರ ಮೇಲೆ ತಾರೀಖು ಬರೆದು ಕೈ ತೊಳೆದು ಬರುವಷ್ಟರಲ್ಲಿ ಹಳೆಯದು ಮಾಯ. ಮಂಚದ ಕೆಳಗೆ ಹುಡುಕಿದೆ, ಹಾಸಿಗೆ ಕೊಡವಿದೆ, ನನ್ನ ಸೆರಗನ್ನೂ ತಿರುವಿ ನೋಡಿದೆ. ಅತ್ತೆ ನನಗಿಂತ ಹೆಚ್ಚು ಶ್ರದ್ಧೆಯಿಂದ ಹುಡುಕುತ್ತಿದ್ದರು. "ಎಲ್ಲಿ ಹೋಗ್ಬೇಕದು? ಅದಕ್ಕೇನ್ ರೆಕ್ಕಿ ಅದಾವೇನು?"

ಮಂಚದಿಂದ ಮಗಳು ಮೆಲ್ಲಗೆ ಹೇಳಿದಳು: "ಅವ್ವಾ, ಅಜ್ಜಿ ಮೊಣಕಾಲು ನೋಡು."

ಅತ್ತೆ ಸೀರೆ ಬಿಗಿಹಿಡಿದರು. "ನನಗೇನ್ ನೋವಿಲ್ಲೇನು? ಹತ್ತು ವರ್ಷದಿಂದ ನೋಯಾಕತ್ತೈತಿ!"

ಸೀರೆ ಸರಿಸಿ ನೋಡಿದೆ, ಮೊಣಕಾಲಿಗೆ ಅಂಟಿಕೊಂಡಿತ್ತು. ಪಟ್ಟಿ ಕಿತ್ತು, ಡಾಕ್ಟರಿಗೆ ಫೋನ್ ಮಾಡಿದೆ. "ಬರೇ ನೀರಿನಿಂದ ತೊಳದು, ಜಲ್ದಿ ಹತ್ತಿರದ ದವಾಖಾನಿಗೆ ಕರಕೊಂಡು ಹೋಗ್ರಿ. ನಿದ್ದಿ ಹತ್ತಾಕ ಬಿಡಬ್ಯಾಡ್ರಿ" ಎಂದರು.

ಮಗಳೂ ಬರುತ್ತೇನೆಂದು ಕೂತಳು. ಆಟೋದಲ್ಲಿ ಅಜ್ಜಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ದವಾಖಾನೆಯಲ್ಲಿ ಹಾಸಿಗೆ ಅತ್ತೆಗೆ, ಪಕ್ಕದ ಕುರ್ಚಿ ಮಗಳಿಗೆ. ಎರಡು ನಿಮಿಷಕ್ಕೊಮ್ಮೆ ವಿಚಾರಣೆ.

"ಅಜ್ಜೀ, ನಿದ್ದಿ ಬಂತೇನು?"

"ಇಲ್ಲವಾ."

"ಹಂಗಾರ ಕಣ್ಣ್ಯಾಕ ಮುಚ್ಚಿದಿ? ನಿನ್ನ ಮದುವಿ ಕತಿ ಹೇಳು."

ಶಿರಹಟ್ಟಿಯಲ್ಲಿ ನಡೆದ ಆ ಮದುವೆಯಲ್ಲಿ ಬೀಗರು ಹೋಳಿಗೆಗೆ ಜಗಳ ತೆಗೆದದ್ದನ್ನು ಅತ್ತೆ ಎಷ್ಟು ಜೋರಾಗಿ ಹೇಳಿದರೆಂದರೆ, ನರ್ಸಮ್ಮ ಸೂಜಿ ಕೈಯಲ್ಲಿ ಹಿಡಿದೇ ನಿಂತುಬಿಟ್ಟರು. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಹೊರಗಿನ ಬೆಂಚಿನ ಮೇಲೆ ಕೂತು ಮೊದಲು ನಕ್ಕೆ, ಆಮೇಲೆ ಅತ್ತುಬಿಟ್ಟೆ.

ಮರುದಿನ ಬೆಳಿಗ್ಗೆ ಅತ್ತೆಯನ್ನು ಮನೆಗೆ ಕಳಿಸಿದರು. ಅವರಿಗೆ ಏನೂ ಆಗಿರಲಿಲ್ಲ. ನಿದ್ದೆಗೆಡಿಸಿದ ಮೊಮ್ಮಗಳ ಮೇಲಿನ ಸಿಟ್ಟೊಂದು ಬಿಟ್ಟರೆ. ಮಗಳ ಕಾಲಿನ ಆಪರೇಶನ್ ಮುಂದಿನ ತಿಂಗಳು ಆಯಿತು. ಈಗ ಸ್ವಲ್ಪ ಕುಂಟುತ್ತಾಳೆ, ಶಾಲೆಗೆ ಹೋಗುತ್ತಾಳೆ, ಮನೆಯಲ್ಲಿ ಎಲ್ಲರಿಗೂ ಜೋರು ಮಾಡುತ್ತಾಳೆ.