ಕೆಂಪು ಕಾರಿಗೆ ಮರಿ ಹಚ್ಚಿದ ಕಾಳಕ್ಕ

ನಮ್ಮ ಅಂಗಡಿಗೆ ಎರಡು ಥರದ ಗಿರಾಕಿಗಳು ಬರುತ್ತಾರೆ. ಬೇಕಾದ ಸಾಮಾನಿನ ಹೆಸರು ಗೊತ್ತಿದ್ದು ಬರುವವರು, ಮುರಿದ ಸಾಮಾನನ್ನೇ ಬಟ್ಟೆಯಲ್ಲಿ ಸುತ್ತಿಕೊಂಡು ಬರುವವರು. ರಾಮಗಿರಿಯ ಹಾಲಸ್ವಾಮಿ ಈ ಎರಡರಲ್ಲೂ ಸೇರುವುದಿಲ್ಲ. ಅವನು ಎಲ್ಲೂ ಸಿಗದ ಸಾಮಾನನ್ನೇ ಕೇಳಿಕೊಂಡು ಬರುವವನು. ನಮ್ಮಪ್ಪ ಮುರುಗಪ್ಪನವರು ಹೊಸದುರ್ಗದಲ್ಲಿ ಇಟ್ಟ ಸ್ಪೇರ್ ಪಾರ್ಟ್ಸ್ ಅಂಗಡಿಯನ್ನು ಈಗ ನಾನು ನೋಡಿಕೊಳ್ಳುತ್ತೇನೆ. ಬಿಂದುವಿನ ಬಾಯಿ ಜೋರು ಎಂದು ಊರು ಹೇಳುತ್ತದೆ. ಹೇಳಲಿ. ಟ್ರಾಕ್ಟರಿನ ಫಿಲ್ಟರ್ ಒಯ್ದು, ಒಂದು ಉಳುಮೆ ಮುಗಿಸಿ, "ಇದು ಕೂರ್ತಾ ಇಲ್ಲ" ಎಂದು ವಾಪಸ್ ತರುವವರ ಜೊತೆ ಅವರೂ ಮೆಲ್ಲಗೆ ಮಾತಾಡಿ ನೋಡಲಿ. ಆದರೆ ಹಾಲಣ್ಣನ ಮೇಲೆ ಮಾತ್ರ ಬಾಯಿ ಮಾಡಲು ನನಗೆ ಮನಸ್ಸು ಬಂದಿಲ್ಲ. ಅವನು ಹಗಲುಗನಸಿನಲ್ಲಿ ನಡೆಯುವ ಮನುಷ್ಯ, ನಡುವೆ ಕೂಗಿ ಎಬ್ಬಿಸುವುದು ಪಾಪ ಅನಿಸುತ್ತದೆ.

ಅವನು ಕುರುಬರ ಮನೆಯಲ್ಲಿ ಹುಟ್ಟಿ, ಕುರಿಯ ಹಿಂದೆ ತಿರುಗಿ, ಕೊನೆಗೆ ಕುರಿ ತುಂಬಿದ ಲಾರಿಯ ಸ್ಟೇರಿಂಗ್ ಹಿಡಿದವನು. ಒಮ್ಮೆ ಕರಾವಳಿಗೆ ಲೋಡು ಇಳಿಸಲು ಹೋದಾಗ ಒಂದು ಹೋಟೆಲಿನ ಹಿತ್ತಲಲ್ಲಿ, ತೆಂಗಿನ ಗರಿಗಳ ರಾಶಿಯ ಕೆಳಗೆ ಕೆಂಪಗೆ ಏನೋ ಕಂಡಿತಂತೆ. ಗರಿ ಸರಿಸಿದರೆ ಕಾರು. ಟಾಪು ಮಡಚಿ ಆಕಾಶ ನೋಡುತ್ತ ಹೋಗುವಂಥ, ನೆಲಕ್ಕೆ ಹೊಟ್ಟೆ ತಾಗುವಷ್ಟು ಕುಳ್ಳಗಿನ ಸ್ಪೋರ್ಟ್ಸ್ ಕಾರು. ಅದನ್ನು ಮಾಡುತ್ತಿದ್ದ ಸಣ್ಣ ಕಂಪನಿ ಬಾಗಿಲು ಹಾಕಿ ಎಷ್ಟೋ ಕಾಲವಾಗಿತ್ತು. ಹೋಟೆಲಿನವನಿಗೆ ಹಾಲಣ್ಣನ ಲಾರಿಯಲ್ಲಿದ್ದ ತಿರುಚು ಕೊಂಬಿನ ಟಗರಿನ ಮೇಲೆ ಕಣ್ಣು ಬಿತ್ತು. ಟಗರು ಅಲ್ಲೇ ಉಳಿಯಿತು, ಕಾರು ಲಾರಿ ಹತ್ತಿ ಘಟ್ಟ ಏರಿತು. ರಾಮಗಿರಿಯಲ್ಲಿ ಅದಕ್ಕೆ ಕುರಿ ರೊಪ್ಪದ ಒಂದು ಮೂಲೆ ಸಿಕ್ಕಿತು, ಹೊದೆಯಲು ಕರಿ ಕಂಬಳಿಯೂ ಸಿಕ್ಕಿತು.

ಕಾರಿಗೆ ಎರಡೇ ಸೀಟು. ಮನೆಯಲ್ಲಿದ್ದವರೂ ಇಬ್ಬರೇ, ಹಾಲಣ್ಣ ಮತ್ತು ಅವನ ಹೆಂಡತಿ ಕಾಳಕ್ಕ. ಮಕ್ಕಳಾಗಲಿಲ್ಲ. ಮೊದಮೊದಲು ಕಾಳಕ್ಕ ತಲೆಗೆ ಸೆರಗು ಬಿಗಿದು ಹೆಮ್ಮೆಯಿಂದಲೇ ಕೂರುತ್ತಿದ್ದಳು. ಶ್ರೀರಾಂಪುರದ ಒಂದು ಮದುವೆಯಲ್ಲಿ ಇಬ್ಬರೂ ಕಾರಿನಿಂದ ಇಳಿಯುತ್ತಿದ್ದಾಗ ಹಾಲಣ್ಣನ ದಾಯಾದಿ ದೊಡ್ಡತಿಮ್ಮಪ್ಪ ಚಪ್ಪರಕ್ಕೆಲ್ಲ ಕೇಳುವ ಹಾಗೆ ಅಂದ:

"ನಿನಗೆ ತಕ್ಕ ಗಾಡೀನೇ ತಂದೀಯ ಬಿಡಪ್ಪ. ಮೂರನೇದಕ್ಕೆ ಜಾಗ ಇಲ್ಲ ಅಂತ ನಿಮ್ಮನೇಲಿ ಅಳೋರಾದ್ರೂ ಯಾರವ್ರೆ?"

ಜನ ನಕ್ಕರು. ನಗುವವರಿಗೆ ಹಲ್ಲಿದ್ದರೆ ಸಾಕು. ಕಾಳಕ್ಕ ಊಟಕ್ಕೂ ಕೂರದೆ ಬಸ್ಸು ಹತ್ತಿ ಊರಿಗೆ ಹೋದಳು. ಅಂದಿನಿಂದ ಆ ಸೀಟು ಖಾಲಿ. "ನಾನು ಬಂಜೆ ಅಂತ ಊರೂರಿಗೆ ಡಂಗುರ ಹೊಡೆಯೋ ಗಾಡಿ ಅದು. ಅದ್ರಾಗೆ ನಾನ್ಯಾಕೆ ಕುಂತ್ಕಳ್ಳಿ?" ಎಂದು ನನ್ನೆದುರಿಗೇ ಅಂದಿದ್ದಳು. ಹಾಲಣ್ಣನಿಗೋ ಇದ್ದದ್ದು ಒಂದೇ ಆಸೆ. ಟಾಪು ತೆಗೆದು, ಪಕ್ಕದಲ್ಲಿ ಕಾಳಿಯನ್ನು ಕೂರಿಸಿಕೊಂಡು ಹೋಗಿ ಮಾರಿಕಣಿವೆ ಜಲಾಶಯದ ನೀರು ತೋರಿಸಬೇಕು. ಇವಳು ಕೂರಲೊಲ್ಲಳು, ಅವನು ಬೇರೆ ಯಾರನ್ನೂ ಕೂರಿಸಲೊಲ್ಲ.

ಹೀಗಿರುವಾಗ ಒಂದು ದಿನ ಹೊಳಲ್ಕೆರೆಯಿಂದ ಬರುವ ಏರಿನಲ್ಲಿ ಕಾರಿನ ಇಂಜಿನ್ ಒಳಗೇ ಬೆಲ್ಟು ಹರಿದು, ಲೋಹಕ್ಕೆ ಲೋಹ ಬಡಿದು, ಬ್ಲಾಕು ಸೀಳಿತು. ಟ್ರಾಕ್ಟರಿಗೆ ಹಗ್ಗ ಕಟ್ಟಿ ಎಳೆತಂದರು. ಕಾಳಕ್ಕ ಅವತ್ತು ಪಾಯಸ ಮಾಡಿದಳು. ಪೀಡೆ ಕಳೆಯಿತು ಎಂದು ನನಗೂ ಒಂದು ಡಬ್ಬಿ ಕಳಿಸಿದಳು. ತಿಂದೆ. ಪಾಯಸ ಚೆನ್ನಾಗಿತ್ತು, ಅದಕ್ಕೇನು ಮಾಡುವುದು?

ಹಾಲಣ್ಣ ಮರುದಿನವೇ ಬಂದು ಅದೇ ಇಂಜಿನ್ ಬೇಕೆಂದ. ನಾನು ಗೊತ್ತಿದ್ದ ಡೀಲರುಗಳಿಗೆಲ್ಲ ಫೋನು ಮಾಡಿದೆ. ಆ ಜಾತಿಯ ಇಂಜಿನ್ ಈ ಸೀಮೆಯಲ್ಲಿ ಎಲ್ಲೂ ಇರಲಿಲ್ಲ. ಗುಡ್ಡದ ಮೇಲೆ ಕರೆಂಟು ತೆಗೆಯುವ ಗಾಳಿಯ ರೆಕ್ಕೆಗಳು ತಿರುಗುತ್ತಿದ್ದವು, ಅವನ್ನೇ ತೋರಿಸಿ, "ಹಾಲಣ್ಣ, ಕರೆಂಟಿನ ಮೋಟಾರು ಹಾಕಿಸ್ಬಿಡು. ಗಾಳಿ ಕುಡಿದು ಓಡ್ತೈತೆ," ಎಂದೆ. ಅವನು ಆ ರೆಕ್ಕೆಗಳನ್ನೇ ತುಂಬ ಹೊತ್ತು ನೋಡಿದ.

"ಚೆಂದಾಗೈತೆ ಕಣವ್ವ. ಆದ್ರೆ ಸದ್ದಿಲ್ದೇ ರೊಪ್ಪಕ್ಕೆ ಬಂದ್ರೆ ಕುರಿ ಬೆದರ್ತವೆ. ಕಳ್ಳ ಬಂದ ಅನ್ಕತ್ತವೆ," ಎಂದ.

ಆಮೇಲೆ ಅವನು ಮಾಡಿದ್ದು ಕುರಿ ಸಾಕುವವನು ಮಾತ್ರ ಮಾಡಬಹುದಾದ ತಪ್ಪು. ಇಂಜಿನ್ ಆರಿಸಲು ಹೋಗಿ ಟಗರು ಆರಿಸಿಕೊಂಡು ಬಂದ. ಎದೆ ಅಗಲವಾಗಿರಬೇಕು, ಕೂಗಿದರೆ ಬಯಲು ನಡುಗಬೇಕು. ಯಾವುದೋ ಟ್ಯಾಕ್ಸಿಯ ಡೀಸೆಲ್ ಇಂಜಿನ್ ತಂದು ನಮ್ಮ ಎದುರಿನ ಗ್ಯಾರೇಜಿನ ಮುನಿಯಪ್ಪನ ಮುಂದೆ ಇಳಿಸಿದ. ಮುನಿಯಪ್ಪ ಬೇಡ ಬೇಡ ಎನ್ನುತ್ತಲೇ ಚೈನು ಕಟ್ಟಿ ಕಾರಿನೊಳಗೆ ಇಳಿಬಿಟ್ಟ. ಆ ಭಾರಕ್ಕೆ ಕಾರಿನ ಮುಂದಿನ ಭಾಗ ಕುಸಿದು, ಹಿಂಭಾಗ ಎದ್ದಿತು. ಥೇಟ್ ಗುದ್ದಲು ತಲೆ ತಗ್ಗಿಸಿದ ಟಗರು.

"ತಗೀರಿ, ಇನ್ನು ರೋಡಿಗೆ ಬಿಟ್ರೆ ಎದುರಿಗೆ ಬಂದ ಬಸ್ಸಿಗೆಲ್ಲ ಗುದ್ದುತ್ತೆ," ಎಂದ ಮುನಿಯಪ್ಪ. ಗ್ಯಾರೇಜಿನಲ್ಲಿದ್ದವರೆಲ್ಲ ನಕ್ಕರು. ಹಾಲಣ್ಣನೂ ನಕ್ಕ, ಆದರೆ ಕಣ್ಣು ನಗಲಿಲ್ಲ. ಇಂಜಿನ್ ವಾಪಸ್ ಹೋಯಿತು. ಖಾಲಿ ಕಾರು ಮತ್ತೆ ರೊಪ್ಪಕ್ಕೆ ಹೋಯಿತು. ಅವನು ನನ್ನ ಅಂಗಡಿಗೆ ಬರುವುದನ್ನು ನಿಲ್ಲಿಸಿದ. ಗುಜರಿಗೆ ಹಾಕುತ್ತಾನಂತೆ ಎಂದು ಯಾರೋ ಹೇಳಿದರು, ನನಗೆ ಬೇಜಾರಾಯಿತು.

ಬಂದವಳು ಕಾಳಕ್ಕ. ಒಂದು ಬೆಳಿಗ್ಗೆ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು, ಕೊಟ್ಟ ಚಹಾ ಪಕ್ಕಕ್ಕಿಟ್ಟಳು. ಅವಳ ಬಗ್ಗೆ ಒಂದು ಮಾತು ಇಲ್ಲಿ ಹೇಳಬೇಕು. ತಾಯಿ ಸತ್ತ ಮರಿಯನ್ನು, ಮರಿ ಸತ್ತ ತಾಯಿಗೆ ಒಗ್ಗಿಸುವುದರಲ್ಲಿ ಅವಳದು ಎತ್ತಿದ ಕೈ. ಮರಿ ಹಚ್ಚುವುದು ಎನ್ನುತ್ತಾಳೆ ಅದಕ್ಕೆ. ಆ ತಾಯಿಯದೇ ಹಾಲು ಕರೆದು ಪರಕೀಯ ಮರಿಯ ಬೆನ್ನಿಗೆ, ಬಾಲಕ್ಕೆ ಸವರಿ, ತಾಯಿಯ ಕಿವಿಯಲ್ಲಿ ಏನೋ ಗುನುಗುತ್ತ ಕೂರುತ್ತಾಳೆ. ಒದೆಯುತ್ತಿದ್ದ ಕುರಿ ಮೂಸಿ ಮೂಸಿ, ಕೊನೆಗೆ ನೆಕ್ಕುತ್ತದೆ. ಮಾಡದಕೆರೆಯಿಂದಲೂ ಅವಳನ್ನು ಹುಡುಕಿಕೊಂಡು ಬರುತ್ತಾರೆ.

"ನಿನ್ನೆ ಒಂದು ಮರಿ ಹಚ್ತಾ ರೊಪ್ಪದಾಗೆ ಕುಂತಿದ್ದೆ ಕಣೆ ಬಿಂದು," ಎಂದಳು. "ಇವ್ರು ನನ್ನ ನೋಡ್ಲಿಲ್ಲ. ಆ ಖಾಲಿ ಗಾಡಿ ಹತ್ತಿ ಕುಂತ್ರು. ಕಣ್ಣು ಮುಚ್ಚಿ ಸ್ಟೇರಿಂಗ್ ತಿರುಗಿಸ್ತಾರೆ, ಗೇರ್ ಹಾಕ್ತಾರೆ. ಹುಚ್ಚು ಹಿಡೀತೇನೋ ಅನ್ಕಂಡೆ. ಆಮೇಲೆ ಪಕ್ಕದ ಸೀಟಿನ ಕಡೆ ವಾಲಿ, 'ಕಾಳಿ, ಚಳಿ ಆಗ್ತೈತೇನೆ? ಸೆರಗು ಹೊದ್ಕ. ಆ ತಿರುವು ಬಂದ್ರೆ ನೀರು ಕಾಣ್ತೈತೆ ನೋಡು' ಅಂದ್ರು."

ಅವಳು ಮುಖ ತಿರುಗಿಸಿ ರಸ್ತೆ ನೋಡಿದಳು. "ನಾನು ಒಲ್ಲೆ ಅಂತ ಬಿಟ್ಟು ಇಷ್ಟು ವರ್ಷ ಆತು. ಅವ್ರು ಒಂದಿನಾನೂ ನನ್ನ ಇಳಿಸೇ ಇಲ್ಲ ಕಣೆ."

ಕಾಳಕ್ಕ ಎದ್ದು ಸೀರೆ ಕೊಡವಿದಳು.

"ಇಂಜಿನ್ ಎಲ್ಲಿ ಸಿಗ್ತವೆ? ಹೋಗಾಣ ನಡಿ. ಇವ್ರನ್ನೂ ಕರಕಳಾಣ. ಆದ್ರೆ ಆರಿಸೋದು ನಾನು."

ಮೂವರೂ ಬಸ್ಸು ಹತ್ತಿ ಚಿತ್ರದುರ್ಗದ ಹೊರಗಿನ ಗುಜರಿ ಅಂಗಳಕ್ಕೆ ಹೋದೆವು. ಬಿಸಿಲಲ್ಲಿ ನಿಂತ ಸತ್ತ ಗಾಡಿಗಳ ಊರು ಅದು. ಬಾಗಿಲಿಲ್ಲದ ಜೀಪುಗಳ ಒಳಗೆ ಹುಲ್ಲು ಬೆಳೆದಿತ್ತು, ಗಾಳಿ ಬೀಸಿದಾಗ ಎಲ್ಲೋ ಒಂದು ತಗಡು ತೂಕಡಿಸುವವರ ಹಾಗೆ ಅಲುಗುತ್ತಿತ್ತು. ಹಾಲಣ್ಣ ಅಭ್ಯಾಸಬಲದಿಂದ ದೊಡ್ಡ ಇಂಜಿನ್ನುಗಳ ಕಡೆಗೇ ನಡೆದ.

"ರೀ, ಇಲ್ಲಿ ಬರ್ರಿ," ಎಂದು ಕಾಳಕ್ಕ ಗದರಿದಳು. "ಸಣ್ಣ ತಾಯಿಗೆ ಕೋಣನಂಥ ಮರಿ ಹಚ್ಚಿದ್ರೆ ಬೆನ್ನು ಮುರಿದುಹೋಗ್ತೈತೆ. ಇಷ್ಟು ವರ್ಷ ಕುರಿ ಕಾದು ಇದು ತಿಳೀದೇನು?"

ಅವಳು ಒಂದೊಂದು ಇಂಜಿನ್ ಮುಂದೆಯೂ ನಿಂತು ಅಂಗಳ ನೋಡಿಕೊಳ್ಳುವ ರವೀಂದ್ರನಿಗೆ ಎರಡೇ ಪ್ರಶ್ನೆ ಕೇಳಿದಳು. ಇದರ ಗಾಡಿ ಹೆಂಗೆ ಸತ್ತಿತು? ಬದುಕಿದ್ದಾಗ ಏನು ಹೊರುತ್ತಿತ್ತು? ಮರಿ ತರುವಾಗ ತಾಯಿ ರೋಗದಿಂದ ಸತ್ತಿತೇ ಎಂದು ವಿಚಾರಿಸುವ ರೂಢಿ. ರೋಗದ ಮರಿ ತಂದರೆ ಇಡೀ ಹಿಂಡಿಗೆ ತಗಲುತ್ತದಲ್ಲ. ಒಂದು ಇಂಜಿನ್ ಕಾದು ಸೀದಿತ್ತು, ಬೇಡ. ಇನ್ನೊಂದು ಅಪಘಾತದ ಕಾರಿನದು, ಒಳಗಿದ್ದವರು ಉಳಿಯಲಿಲ್ಲ ಎಂದ ರವೀಂದ್ರ. ಕಾಳಕ್ಕ ಅದಕ್ಕೆ ಕೈ ಮುಗಿದು ಮುಂದೆ ಹೋದಳು. ಚಿನ್ನದಂಥ ಇಂಜಿನ್ ಅದು, ನನಗೆ ಹೊಟ್ಟೆ ಉರಿಯಿತು.

ಬೇಲಿಯ ಹತ್ತಿರ ಒಂದು ಹಳದಿ ಸ್ಕೂಲ್ ವ್ಯಾನ್ ನಿಂತಿತ್ತು. ತಗಡನ್ನು ತುಕ್ಕು ತಿಂದಿದೆ, ಇಂಜಿನ್ ಗಟ್ಟಿಯಾಗಿದೆ ಎಂದ ರವೀಂದ್ರ. ಸಣ್ಣ ಪೆಟ್ರೋಲ್ ಇಂಜಿನ್, ಹಗುರ. ಕೆಂಪು ಕಾರಿನ ಹಾಗೆ ಇದೂ ಹಿಂದಿನ ಚಕ್ರ ತಿರುಗಿಸುವ ಗಾಡಿ, ಗೇರ್‌ಬಾಕ್ಸು ಸಮೇತ ಎತ್ತಿ ಕೂರಿಸಬಹುದು. ಹಾಲಣ್ಣ ಮುಖ ಸಣ್ಣ ಮಾಡಿದ.

"ಸ್ಪೋರ್ಟ್ಸ್ ಕಾರಿಗೆ ವ್ಯಾನಿನ ಇಂಜಿನ್ನೇ? ಓಡಲ್ಲ ಕಾಳಿ, ತೆವಳ್ತೈತೆ."

ಕಾಳಕ್ಕ ಕೇಳಿಸಿಕೊಳ್ಳಲಿಲ್ಲ. ಅವಳು ವ್ಯಾನಿನ ಒಳಗೆ ಹೋಗಿದ್ದಳು. ಮಕ್ಕಳ ಗಿಡ್ಡ ಬೆಂಚಿನ ಮೇಲೆ ಮೊಣಕಾಲು ಮಡಚಿ ಕುಳಿತಿದ್ದಳು. ಕಿಟಕಿಯ ಕೆಳಗೆ ಯಾರೋ ಪೆನ್ನಿನಲ್ಲಿ ಸೂರ್ಯನನ್ನು ಬರೆದಿದ್ದರು, ಅದಕ್ಕೆ ಮೀಸೆ ಬೇರೆ. ಸೀಟಿನ ಸಂದಿನಲ್ಲಿ ಬೆರಳು ತೂರಿಸಿ ಒಂದು ಹೇರ್‌ಕ್ಲಿಪ್ ತೆಗೆದಳು. ನೀಲಿ ಚಿಟ್ಟೆ, ಒಂದು ರೆಕ್ಕೆ ಮುರಿದಿತ್ತು. ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತೇ ಇದ್ದಳು. ಗಾಳಿಗೆ ಹರಿದ ಪರದೆ ಹಾರುತ್ತಿತ್ತು. ವ್ಯಾನು ಎಲ್ಲಿಗೋ ಹೊರಟಿದೆ, ಮಕ್ಕಳೆಲ್ಲ ಗಲಾಟೆ ಮಾಡುತ್ತಿದ್ದಾರೆ, ನಡುವೆ ಇವಳೊಬ್ಬಳು ಕುಳಿತಿದ್ದಾಳೆ ಎಂದು ನನಗೂ ಒಂದು ಗಳಿಗೆ ಅನಿಸಿಬಿಟ್ಟಿತು. ಹಾಲಣ್ಣ ಹೊರಗೆ ನಿಂತು ಹೆಂಡತಿಯನ್ನೇ ನೋಡುತ್ತಿದ್ದ. ಅವನು ಮತ್ತೆ ತೆವಳುವ ಮಾತೆತ್ತಲಿಲ್ಲ.

"ಇದೇ," ಎಂದಳು ಇಳಿದು ಬಂದು.

ಆರ್‌ಟಿಓ ಆಫೀಸಿನ ಒಪ್ಪಿಗೆಗೆ ಅಲೆದದ್ದನ್ನು ಹೇಳಲು ಹೋದರೆ ನನಗೆ ಸಿಟ್ಟು ಬರುತ್ತದೆ, ಬಿಡಿ. ಅಂತೂ ಒಪ್ಪಿಗೆ ಸಿಕ್ಕಿ, ಮುನಿಯಪ್ಪ ಹೊಸ ಇಂಜಿನ್ ಕೂರಿಸಿದ. ಕಾರು ತಲೆ ತಗ್ಗಿಸಲಿಲ್ಲ. ಆದರೆ ಎಷ್ಟು ಕೀಲಿ ತಿರುಗಿಸಿದರೂ ಕೆಮ್ಮುತ್ತದೆ, ನಿಲ್ಲುತ್ತದೆ. ಮುನಿಯಪ್ಪ ವೈರು ಎಳೆದು ಪೈಪು ಊದಿ ಬೆವರಿದ. ಕಾಳಕ್ಕ ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿದ್ದ ಕಾರಿನ ಹಳೇ ಇಂಜಿನ್ನಿನ ಹತ್ತಿರ ಹೋಗಿ, ಅದರ ತಳದಲ್ಲಿ ಉಳಿದಿದ್ದ ಕರಿ ಆಯಿಲಿಗೆ ಬೆರಳು ಅದ್ದಿ ತಂದು ಹೊಸದರ ಮೈಗೆ ಉದ್ದಕ್ಕೂ ಸವರಿದಳು.

"ವಾಸನೆ ಸಿಗಲಿ. ಆಮೇಲೆ ಒಪ್ಕತ್ತೈತೆ," ಎಂದಳು.

ಮುನಿಯಪ್ಪ ನನ್ನ ಕಡೆ ಕಣ್ಣು ಹೊಡೆದ. ಅವನು ಆಗಷ್ಟೇ ಒಂದು ಸಡಿಲ ವೈರು ಬಿಗಿದಿದ್ದನಂತೆ, ಕಾರು ಅದರಿಂದಲೇ ಶುರುವಾದದ್ದು ಎಂದು ಇವತ್ತಿಗೂ ವಾದ ಮಾಡುತ್ತಾನೆ. ಮಾಡಲಿ. ಶುರುವಾದದ್ದಂತೂ ಹೌದು. ಗುಡುಗಲಿಲ್ಲ, ಬೆಳಗಿನ ಹೊತ್ತು ಓಣಿಯ ತುದಿಗೆ ಬರುತ್ತದಲ್ಲ ಸ್ಕೂಲ್ ವ್ಯಾನು, ಅದೇ ಸದ್ದು.

ಮಾರಿಕಣಿವೆ ಮತ್ತೆ ಕೋಡಿ ಬಿದ್ದಿದೆ ಎಂದು ಊರೆಲ್ಲ ಸುದ್ದಿಯಾಗಿದ್ದ ದಿನಗಳು. ಒಂದು ಬೆಳಿಗ್ಗೆ ಹಾಲಣ್ಣ ಕಾರು ತಂದು ನಮ್ಮ ಅಂಗಡಿ ಮುಂದೆ ನಿಲ್ಲಿಸಿದ. ಟಾಪು ತೆಗೆದಿತ್ತು. ಪಕ್ಕದ ಸೀಟಿನಲ್ಲಿ ಕಾಳಕ್ಕ ಹಸಿರು ಸೀರೆ ಉಟ್ಟು ಕುಳಿತಿದ್ದಳು. ತುರುಬಿನಲ್ಲಿ ಒಂದೇ ರೆಕ್ಕೆಯ ನೀಲಿ ಚಿಟ್ಟೆ. ನನಗೆ ಕೂಗಿ ಕುಣಿಯುವಷ್ಟು ಖುಷಿಯಾಯಿತು. ಅದೇ ಹೊತ್ತಿಗೆ ಟ್ರಾಕ್ಟರಿಗೆ ಫಿಲ್ಟರ್ ಕೊಳ್ಳಲು ಬಂದು ನಿಂತಿದ್ದ ಮಹಾನುಭಾವ ಯಾರೆಂದರೆ ಶ್ರೀರಾಂಪುರದ ದೊಡ್ಡತಿಮ್ಮಪ್ಪ.

"ಏನಪ್ಪ ಹಾಲಸ್ವಾಮಿ, ಇಂಜಿನ್ನೇನೋ ಬದಲಾತು. ಸೀಟು ಇನ್ನೂ ಎರಡೇ ಅವಲ್ಲೋ?" ಎಂದ, ಹಳೇ ನಗು ನಗುತ್ತ.

ನಾನು ಬಾಯಿ ತೆರೆದೆ. ಆದರೆ ಕಾಳಕ್ಕ ನನಗಿಂತ ಮೊದಲು ತಿರುಗಿ, ಮುಂದೆ ಸಣ್ಣಗೆ ನಡುಗುತ್ತಿದ್ದ ಬಾನೆಟ್ಟನ್ನು ತೋರಿಸಿದಳು.

"ಅಲ್ಲಿ ಕೇಳಿಸ್ಕಳ್ರಿ ಭಾವ. ಒಂದು ವ್ಯಾನ್ ತುಂಬ ಮಕ್ಕಳವೆ. ನಮಗೆ ಕೂರಾಕೆ ಉಳಿದಿದ್ದು ಈ ಎರಡೇ ಸೀಟು."

ಕಾರು ಹಿರಿಯೂರಿನ ಕಡೆ ಹೊರಟಿತು. ಹಾಲಣ್ಣ ಹೇಳಿದ್ದು ನಿಜ, ಅದು ಓಡಲಿಲ್ಲ, ತೆವಳಿತು. ಒಂದು ಲೂನಾ ಅದನ್ನು ಹಿಂದೆ ಹಾಕಿ ಹೋಯಿತು. ಯಾರಿಗೂ ಆತುರವಿದ್ದಂತೆ ಕಾಣಲಿಲ್ಲ.

ಹೊತ್ತು ಇಳಿಯುವಾಗ ವಾಪಸ್ ಬಂದರು. ಹಾಲಣ್ಣ ನೀರು ಕೇಳಿ ರೇಡಿಯೇಟರಿಗೆ ಹಾಕುತ್ತಿದ್ದ. ಕಾಳಕ್ಕ ಸೀಟು ಬಿಟ್ಟು ಇಳಿಯಲಿಲ್ಲ. ಅವಳ ಕೂದಲೆಲ್ಲ ದೂಳು, ರೆಪ್ಪೆಯ ಮೇಲೂ ದೂಳು.

"ನೀರು ಹೆಂಗಿತ್ತು ಕಾಳಕ್ಕ?" ಎಂದೆ.

"ಹೊಸದೇನೈತೆ?" ಎಂದಳು. "ಆ ತಿರುವು ಬಂತು, ನೀರು ಕಾಣ್ತು. ಇವ್ರು ರೊಪ್ಪದಾಗೆ ಕುಂತು ತೋರಿಸಿದ್ರಲ್ಲ, ಹಂಗೇ ಐತೆ."