ಅನ್ನ ಸಿಹಿಯಾಗುವ ತನಕ

ಗೆಳೆಯರೇ, ನನ್ನ ವಿದ್ಯಾರ್ಥಿನಿ ರೇಣುಕಾಳ ಅಜ್ಜಿ ಇವತ್ತು ಬಳಗಾನೂರಿನಿಂದ ಸಿಂಧನೂರಿನ ನಮ್ಮ ಕಾಲೇಜಿಗೇ ಬಂದು ಜಗಳಕ್ಕೆ ನಿಂತರು.

"ಏನ್ ಕಲಿಸಾಕತ್ತೀರಿ ಮೇಡಂ? ಒಂದ್ ತುತ್ತು ಬಾಯಾಗ ಇಟ್ಕೊಂಡು ಅಗಿಕೋತ ಕುಂದರ್ತಾಳ. ಇವತ್ತೂ ಬಸ್ ತಪ್ಪಿಸ್ಕೊಂಡಾಳ. ಕಾಲೇಜ್ ಬಿಡಸ್ತೀನಿ!"

ಜೊಲ್ಲಿನ ಕಿಣ್ವ ಅನ್ನದ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತದೆ, ಅಗಿದು ನೋಡಿ ಎಂದು ತರಗತಿಯಲ್ಲಿ ಹೇಳಿದವಳು ನಾನೇ. ಗಾಬರಿಯಾಗಿ ನನ್ನ ಊಟದ ಡಬ್ಬಿ ತೆರೆದು, ಬರೀ ಅನ್ನದ ತುತ್ತು ಕೊಟ್ಟೆ.

"ನುಂಗಬ್ಯಾಡ್ರಿ ಯಮ್ಮಾ, ಅಗೀರಿ."

ಅಜ್ಜಿ ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದರು. ನಿಧಾನವಾಗಿ ಮುಖ ಅರಳಿತು.

"ಅಯ್ಯ, ಖರೇನ ಸೀ ಆಗೇತಲ್ಲ! ಓದ್ಲಿ ಬಿಡ್ರಿ. ಆದ್ರ ಈ ಅಗಿಯೂದನ್ನ ರಾತ್ರಿ ಊಟದಾಗ ಮಾಡು ಅನ್ರಿ."

ನನ್ನ ಪಾಠವನ್ನು ಇಷ್ಟು ಗಮನವಿಟ್ಟು, ಬಾಯಿ ಮುಚ್ಚಿಕೊಂಡು ಕಲಿತವರು ಇವರೊಬ್ಬರೇ.