ಅರ್ಧ ತಾಸಿನ ಚಟ

ಮೊನ್ನೆ ಬೆಳಿಗ್ಗೆ ಲೋಕಲ್ ರೈಲಿನಲ್ಲಿ ಪಕ್ಕದವರು ತಿಂಡಿಯ ಡಬ್ಬಿ ಬಿಚ್ಚಿದರು. ನಾನು ಕಣ್ಣು ಮುಚ್ಚಿ ಕುಳಿತಿದ್ದೆ. ನಿದ್ದೆಯೇನೂ ಬಂದಿರಲಿಲ್ಲ. ಎಚ್ಚರವಿದ್ದೂ ಕಣ್ಣು ಮುಚ್ಚುವ ಒಂದು ಅಭ್ಯಾಸ ಇತ್ತೀಚೆಗೆ ನನಗೆ ಅಂಟಿಕೊಂಡಿದೆ; ಅದರ ಕತೆ ಆಮೇಲೆ ಹೇಳುತ್ತೇನೆ. ಕಣ್ಣು ಮುಚ್ಚಿದರೆ ಮೂಗು ಮುಚ್ಚುವುದಿಲ್ಲವಲ್ಲ. ಗುರೆಳ್ಳು ಚಟ್ನಿಪುಡಿಯ ಘಮ ಬಂತು. ಹುರಿದ ಗುರೆಳ್ಳು, ಬೆಳ್ಳುಳ್ಳಿ, ಒಣಮೆಣಸು. ಉಡುಪಿ ಕಡೆಯ ನಮ್ಮ ಮನೆಗಳಲ್ಲಿ ಇದನ್ನು ಮಾಡುವವರಿಲ್ಲ. ನನಗೆ ಇದರ ರುಚಿ ಹತ್ತಿಸಿದವರು ಒಬ್ಬರೇ, ಹಿರೇಮಠರು. ಕಣ್ಣು ಮುಚ್ಚಿಕೊಂಡೇ ಅವರನ್ನು ನೆನೆದೆ. ಆ ನೆನಪು ಇನ್ನೂ ಹೋಗಿಲ್ಲ, ಅದಕ್ಕೇ ನಿಮ್ಮ ಮುಂದೆ ಕುಳಿತಿದ್ದೇನೆ.

ನಾವು ಟಿಟ್ವಾಳಾಕ್ಕೆ ಬಂದು ಇನ್ನೂ ವರ್ಷ ತುಂಬಿಲ್ಲ. ಅದಕ್ಕೆ ಮೊದಲು ಡೊಂಬಿವಲಿಯಲ್ಲಿ ಬಾಡಿಗೆಗಿದ್ದೆವು. ಬಾಡಿಗೆ ವರ್ಷ ವರ್ಷ ಏರುತ್ತಿತ್ತು, ಸಂಬಳಕ್ಕೆ ಮಾತ್ರ ಆ ಚುರುಕು ಇರಲಿಲ್ಲ. ಅದನ್ನಾದರೂ ತಡೆದುಕೊಳ್ಳುತ್ತಿದ್ದೆವೇನೋ. ಕಟ್ಟಡವನ್ನೇ ಕೆಡವಿ ಹೊಸದು ಕಟ್ಟುತ್ತೇವೆ, ಖಾಲಿ ಮಾಡಿ ಎಂದು ಮಾಲೀಕರು ಹೇಳಿದ ದಿನ ನನ್ನ ಹೆಂಡತಿ ಊಟದ ತಟ್ಟೆಯ ಮುಂದೆ ಕೂತು, "ಗೋಡೆಗೆ ಒಂದು ಮೊಳೆ ಹೊಡೀಲಿಕ್ಕೂ ಇನ್ನೊಬ್ರ ಅಪ್ಪಣೆ ಕೇಳಿ ಸಾಕಾಯ್ತು ನಂಗೆ. ಎಷ್ಟು ದೂರ ಆದ್ರೂ ಅಡ್ಡಿಲ್ಲ, ನಮ್ದು ಅಂತ ಒಂದು ಆಗ್ಲಿ" ಎಂದಳು. ನಮ್ಮದು ಎಂಬ ಮಾತು ನಮ್ಮ ಕೈಗೆಟುಕಿದ್ದು ಟಿಟ್ವಾಳಾದಲ್ಲಿ. ಬ್ರೋಕರ್ ದಿನಾ ಅಲ್ಲಿನ ಹೆಸರಾಂತ ಗಣಪತಿಯ ದರ್ಶನವಾಗುತ್ತದೆ ಎಂದೂ ಆಸೆ ಹುಟ್ಟಿಸಿದ. ಬಂದ ಮೇಲೆ ನಾನು ಆ ದೇವಸ್ಥಾನಕ್ಕೆ ಹೋದದ್ದು ಒಂದೇ ಸಲ, ಅದೂ ಊರಿಂದ ನೆಂಟರು ಬಂದಾಗ. ಹೆಂಡತಿ ಮಾತ್ರ ಮೊದಲ ವಾರವೇ ನಾಲ್ಕು ಮೊಳೆ ಹೊಡೆಸಿದಳು. ತೂಗುಹಾಕಲು ಒಂದು ಕ್ಯಾಲೆಂಡರ್ ಮಾತ್ರ ಇತ್ತು. ಉಳಿದ ಮೂರು ಮೊಳೆಗಳನ್ನು ನೋಡಿಯೂ ಅವಳಿಗೆ ಖುಷಿಯೇ.

ಈ ಕಡೆಯ ಊರುಗಳ ದುಬಾರಿಯ ಲೆಕ್ಕ ವಿಚಿತ್ರವಾದದ್ದು. ಠಾಣೆ ಊರಿನಿಂದ ಹಳಿಯ ಗುಂಟ ಮುಂದೆ ಹೋದಷ್ಟೂ ಮನೆಯ ಬೆಲೆ ಇಳಿಯುತ್ತದೆ. ಈರುಳ್ಳಿಯ ಬೆಲೆ ಇಳಿಯುವುದಿಲ್ಲ, ಶಾಲೆಯ ಫೀಸು ಇಳಿಯುವುದಿಲ್ಲ, ಬೇಳೆಗೆ ಊರು ಯಾವುದೆಂದು ಗೊತ್ತೇ ಇಲ್ಲ. ಮನೆಯಲ್ಲಿ ಉಳಿಸಿದ್ದನ್ನು ನಿದ್ದೆಯಲ್ಲಿ ಕೊಡಬೇಕು. ನನ್ನ ದಾಯಾದಿಯೊಬ್ಬ ಠಾಣೆಯ ಮಾಜಿವಾಡಾದಲ್ಲಿ ಇದ್ದಾನೆ. ಅವನು ಏಳುವ ಹೊತ್ತಿಗೆ ನಾನು ಅವನ ಊರನ್ನು ದಾಟಿ ಹೋಗಿರುತ್ತೇನೆ. ಹಬ್ಬಕ್ಕೆ ಸಿಕ್ಕಿದಾಗ ಅವನ ಮುಖದ ಕಳೆ ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತದೆ. ಅವನ ಮನೆಗಲ್ಲ, ಅವನ ನಿದ್ದೆಗೆ.

ಹಿರೇಮಠರ ಮಾತಿಗೆ ಬರುತ್ತೇನೆ. ಅವರು ಗದಗಿನ ಕಡೆಯವರು, ಮಸ್ಜಿದ್ ಬಂದರಿನ ಬಟ್ಟೆಯ ಗೋದಾಮೊಂದರಲ್ಲಿ ಗುಮಾಸ್ತರು. ನಾನು ರೈಲಿನ ಕೊನೆಯ ನಿಲ್ದಾಣ ವಿ.ಟಿ.ಯ ಹತ್ತಿರ, ಕೋಟೆ ಪ್ರದೇಶದ ಆಫೀಸೊಂದಕ್ಕೆ ಹೋಗಲು ಶುರುಮಾಡಿದ ಹೊಸದರಲ್ಲಿ, ಎರಡು ಸಾವಿರದ ಇಸವಿಯ ಆಚೀಚಿನ ಮಾತು, ಡೊಂಬಿವಲಿಯಿಂದಲೇ ಹೊರಡುವ ಬೆಳಗಿನ ಲೋಕಲಿನಲ್ಲಿ ಅವರ ಪರಿಚಯವಾಯಿತು. ಲೋಕಲಿನಲ್ಲಿ ಓಡಾಡುವವರಿಗೆ ರೈಲಿನ ಗುಂಪು ಎಂದರೇನು ಎಂದು ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಅದೇ ರೈಲು, ಅದೇ ಡಬ್ಬಿ, ಅದೇ ಕಿಟಕಿಯ ಪಕ್ಕ ವರ್ಷಗಟ್ಟಲೆ ಕೂಡುವ ಎಂಟು ಹತ್ತು ಜನ. ಖಾಲಿ ರೈಲು ಪ್ಲಾಟ್‌ಫಾರ್ಮಿಗೆ ಬರುವಾಗಲೇ ಗುಂಪಿನ ಚುರುಕಿನವರು ಹಾರಿ ಹತ್ತಿ, ಎಲ್ಲರ ಪರವಾಗಿ ಕರ್ಚೀಫು, ಚೀಲ ಹಾಕಿ ಜಾಗ ಹಿಡಿಯುತ್ತಾರೆ. ಹಿರಿಯರು ಮೊದಲು ಕೂರುತ್ತಾರೆ, ಕಿರಿಯರು ನಿಲ್ಲುತ್ತಾರೆ. ಠಾಣೆ ದಾಟಿತೋ, ಕುಳಿತವರು ಎದ್ದು ನಿಂತವರನ್ನು ಕೂರಿಸಬೇಕು. ಯಾರೂ ಬರೆದಿಟ್ಟ ಕಾನೂನಲ್ಲ, ಆದರೆ ಇದನ್ನು ಮುರಿದವನಿಗೆ ಮರುದಿನದಿಂದ ಆ ಡಬ್ಬಿಯಲ್ಲಿ ನೀರು ಕೊಡುವವರೂ ಇರುವುದಿಲ್ಲ. ನಮ್ಮ ಗುಂಪಿನಲ್ಲಿ ಹಾರಿ ಹತ್ತುವವರು ಸಾವಂತರು, ಮರಾಠಿಯವರು, ಆಗಿನ್ನೂ ಹುಡುಗುತನ ಬಿಡದ ಗಟ್ಟಿ ಆಳು. ನನ್ನ ಸೀಟು ಹಿರೇಮಠರ ಸೀಟು. ಠಾಣೆಯವರೆಗೆ ಅವರು, ಆಮೇಲೆ ನಾನು.

ಅವರು ಮಾತಿನ ಮನುಷ್ಯ. ಗೋದಾಮಿನ ಸೇಠಜಿಯ ಜಿಪುಣತನ, ಗದಗಿನ ಬದನೆಕಾಯಿ, ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರ ಕೊಡುವ ಚಂದ, ಎಲ್ಲವೂ ಅವರ ಬಾಯಲ್ಲಿ ರುಚಿಗಟ್ಟುತ್ತಿತ್ತು. ನನ್ನೊಡನೆ ಕನ್ನಡ, ಸಾವಂತರೊಡನೆ ಮರಾಠಿ, ಮೈಮೇಲೆ ಬಿದ್ದವರೊಡನೆ ಹಿಂದಿ. ನಮ್ಮ ಕರಾವಳಿಯ ಕನ್ನಡವನ್ನು ಅವರು ಪುಸ್ತಕ ಓದಿದಂತೆ ಮಾತಾಡುತ್ತೀರಿ ಎಂದು ಗೇಲಿ ಮಾಡುತ್ತಿದ್ದರು. ನಾನು ಅವರ ಕನ್ನಡವನ್ನು ಗೇಲಿ ಮಾಡುವಷ್ಟು ಧೈರ್ಯದವನಲ್ಲ, ಸೀಟು ಅವರದಲ್ಲವೇ.

ಮಗಳ ಓದು ಮುಗಿಯುವ ಮೊದಲು ಸ್ವಂತ ಮನೆಯಾಗಬೇಕೆಂದು ಅವರೂ ಟಿಟ್ವಾಳಾದಲ್ಲಿ ಫ್ಲ್ಯಾಟು ಕೊಂಡರು. ಪೇಢೆ ಹಂಚಿದರು. ಹೋದ ಮೊದಲ ವಾರದಲ್ಲೇ ಒಂದು ಸಂಜೆ, ಹಿಂದಿರುಗುವಾಗ ಅಭ್ಯಾಸಬಲದಿಂದ ಡೊಂಬಿವಲಿಯಲ್ಲಿ ಇಳಿದು, ಸ್ಟೇಷನ್ನಿನ ಮೆಟ್ಟಿಲ ಬುಡದಲ್ಲಿ ಎಂದಿನಂತೆ ಮೆಂತ್ಯದ ಸೊಪ್ಪು ಕೊಂಡು, ಹಳೆಯ ಮನೆಗೆ ನಡೆದುಹೋಗಿ ಬೆಲ್ ಒತ್ತಿದ್ದರಂತೆ. ಬಾಗಿಲು ತೆರೆದವಳು ಗುರುತಿಲ್ಲದ ಹೆಂಗಸು. ಇವರು ಒಂದು ಕಾಲಿನ ಚಪ್ಪಲಿ ಆಗಲೇ ಬಿಟ್ಟಾಗಿತ್ತು. ಏನು ಹೇಳಬೇಕೋ ತೋಚದೆ ಸೊಪ್ಪಿನ ಕಟ್ಟನ್ನು ಅವಳ ಕೈಗೆ ಕೊಟ್ಟು ಬಂದರಂತೆ. ಇದನ್ನು ಅವರೇ ಹೇಳಿ ನಮ್ಮನ್ನೆಲ್ಲ ನಗಿಸಿದರು.

ಇದನ್ನು ಹೇಳಿದ್ದು ಎಲ್ಲಿ ಎನ್ನುತ್ತೀರಿ? ನಮ್ಮ ಅದೇ ಡೊಂಬಿವಲಿ ಲೋಕಲಿನಲ್ಲಿ. ಟಿಟ್ವಾಳಾದಿಂದ ಹೊರಡುವ ರೈಲು ಡೊಂಬಿವಲಿ ದಾಟಿ ನೇರ ವಿ.ಟಿ.ಗೆ ಹೋಗುತ್ತದೆ, ಅದರಲ್ಲಿ ಅವರಿಗೆ ಕಿಟಕಿಯ ಪಕ್ಕದ ಸೀಟೇ ಸಿಗುತ್ತಿತ್ತು. ಹಾಯಾಗಿ ಕೂತು ಮಲಗಿ ಹೋಗಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಅದಕ್ಕಿಂತ ಮೊದಲಿನ ರೈಲು ಹಿಡಿದು, ಡೊಂಬಿವಲಿಯಲ್ಲಿ ಸಿಕ್ಕ ಸೀಟು ಬಿಟ್ಟು ಇಳಿದು, ಸೇತುವೆ ಹತ್ತಿ ದಾಟಿ, ನಮ್ಮ ಪ್ಲಾಟ್‌ಫಾರ್ಮಿಗೆ ಬಂದು ನಿಲ್ಲುತ್ತಿದ್ದರು. ನಮ್ಮ ರೈಲಿನಲ್ಲಿ ಠಾಣೆಯವರೆಗೆ ಕೂರುವುದು, ಆಮೇಲೆ ಎದ್ದು ವಿ.ಟಿ. ದಿಕ್ಕಿಗೆ ಜೋತಾಡುತ್ತ ನಿಲ್ಲುವುದು. ಬುದ್ಧಿ ನೆಟ್ಟಗಿರುವವರು ಮಾಡುವ ಕೆಲಸವಲ್ಲ ಇದು. ಒಂದು ದಿನ ನಾನು ಕೇಳಿಯೇಬಿಟ್ಟೆ, "ಸಿಕ್ಕಿದ ಕಿಟಕಿ ಸೀಟು ಬಿಟ್ಟು ಬರ್ತೀರಲ್ಲ ಹಿರೇಮಠರೇ, ಯಾಕೆ ಮಾರಾಯ್ರೆ?"

ಅವರು ಹಳಿಯ ಕಡೆ ನೋಡಿದರು. ಹಿಂದಿನ ಸ್ಟೇಷನ್ ಠಾಕುರ್ಲಿಯ ದಿಕ್ಕಿನಿಂದ ನಮ್ಮ ಖಾಲಿ ರೈಲು ಬರುವುದು ಕಾಣುತ್ತಿತ್ತು.

"ರಾಯರ, ನಾ ಬೀಡಿ ಸೇದೂದಿಲ್ಲ, ಕುಡಿಯೂದಿಲ್ಲ, ಇಸ್ಪೀಟ ಆಡೂದಿಲ್ಲ. ಮನಿಗೆ ಹೋದ್ರ ಎಲ್ಲಾರೂ ದಣದಿರ್ತಾರ, ಮಾತಾಡಾಕ ಯಾರಿಗೂ ಆಗೂದಿಲ್ಲ. ಈ ಅರ್ಧಾ ತಾಸು ನನ್ನ ಚಟಾ ಅಂತ ತಿಳೀರಿ. ಇಷ್ಟ ಖರ್ಚ ಮಾಡಾಕ ನನಗ ಪರವಾನಗಿ ಐತಿ."

ಆಮೇಲೆ ನಾನು ಕೇಳಲಿಲ್ಲ. ಆ ಅರ್ಧ ತಾಸಿಗಾಗಿ ಅವರು ಅಷ್ಟೇ ನಿದ್ದೆ ಬಿಟ್ಟು ಏಳುತ್ತಿದ್ದರು. ಅವರ ಹೆಂಡತಿ ಇನ್ನೂ ಮೊದಲೇ ಎದ್ದು ರೊಟ್ಟಿ ಬಡಿಯುತ್ತಿದ್ದರು. ಹಿರೇಮಠರ ಡಬ್ಬಿಯಲ್ಲಿ ನಮಗೆಂದೇ ಒಂದು ಚೂರು ರೊಟ್ಟಿ, ಮೇಲೆ ಗುರೆಳ್ಳು ಚಟ್ನಿ, ಎಣ್ಣೆ ಇರುತ್ತಿತ್ತು. ಸಾವಂತರು ಅದಕ್ಕಾಗಿ ಮನೆಯಲ್ಲಿ ಚಹಾ ಮಾತ್ರ ಕುಡಿದು ಬರುತ್ತಿದ್ದರು.

ಎರಡು ಮೂರು ಮಳೆಗಾಲ ಹೀಗೆ ನಡೆಯಿತು. ನಿಧಾನವಾಗಿ ಹಿರೇಮಠರ ಮುಖ ಸೊರಗಿತು. ಮಾತಿನ ನಡುವೆ ತೂಕಡಿಸತೊಡಗಿದರು. ಸೇಠಜಿಯ ಕತೆ ಶುರುಮಾಡಿ, ಸೇಠಜಿ ಬಾಗಿಲ ಹತ್ತಿರ ಬಂದ ಎನ್ನುವಲ್ಲಿಗೆ ಕಣ್ಣು ಮುಚ್ಚಿಹೋಗುತ್ತಿತ್ತು. ಕತೆ ಅಲ್ಲೇ ನಿಲ್ಲುತ್ತಿತ್ತು, ಸೇಠಜಿ ಬಾಗಿಲಲ್ಲೇ ನಿಲ್ಲುತ್ತಿದ್ದ. ಠಾಣೆಯಲ್ಲಿ ಅವರನ್ನು ಎಬ್ಬಿಸಿ ಅವರ ಸೀಟಿನಲ್ಲಿ ಕೂರಲು ನನಗೆ ಸಂಕಟವಾಗುತ್ತಿತ್ತು. ಬೇಡ, ಕೂತಿರಿ ಎಂದರೆ ಅವರು ಒಪ್ಪುತ್ತಿರಲಿಲ್ಲ, ಗುಂಪಿನ ರಿವಾಜು. ಒಂದು ಮಳೆಯ ದಿನ ಸೇತುವೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಮೊಣಕಾಲು ತರಚಿಕೊಂಡು ಬಂದರು. ಆವತ್ತು ನಾವೆಲ್ಲ ಸೇರಿ, ಇನ್ನು ಇಳಿಯಬೇಡಿ, ನಿಮ್ಮ ರೈಲಿನಲ್ಲೇ ಮಲಗಿ ಹೋಗಿ ಎಂದು ಒಳ್ಳೆಯ ಮಾತಿನಲ್ಲೇ ಹೇಳಿದೆವು.

ಹಿರೇಮಠರ ಮುಖ ಇಳಿದುಹೋಯಿತು. "ನಾ ಬ್ಯಾಡ ಆದ್ನೇನ್ರಿ ನಿಮಗ?" ಎಂದು ನನ್ನೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಕೇಳಿದರು. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ. ಮರುದಿನ ಕುಂಟುತ್ತ ಬಂದರು, ರೊಟ್ಟಿಯ ಚೂರಿನೊಡನೆ.

ಕೆಲವು ದಿನ ಕಳೆದು ಒಂದು ಬೆಳಿಗ್ಗೆ ನಾವು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೆವು. ಎದುರಿನ ಹಳಿಗೆ ಅವರ ಟಿಟ್ವಾಳಾ ಲೋಕಲ್ ಬಂದು ನಿಂತಿತು. ಹಿರೇಮಠರು ಕಿಟಕಿಯ ಪಕ್ಕದಲ್ಲೇ ಇದ್ದರು, ನಮಗೆ ಎದುರಾಗಿ. ತಲೆ ಕಿಟಕಿಯ ಸರಳಿಗೆ ಆನಿಕೊಂಡಿತ್ತು, ಕಣ್ಣು ಮುಚ್ಚಿತ್ತು. ಇಷ್ಟು ವರ್ಷದಲ್ಲಿ ಡೊಂಬಿವಲಿ ಬಂದಾಗ ಅವರು ಮಲಗಿದ್ದನ್ನು ನೋಡಿರಲಿಲ್ಲ. "ಝೋಪ್ಲೇ ಕಾಯ್?" ನಿದ್ದೆಹೋದರೇನು ಎನ್ನುತ್ತ ಸಾವಂತರು ಕೈಯೆತ್ತಿ ಕೂಗಲು ಹೊರಟರು. ನಾನು ಆ ಕೈ ಹಿಡಿದು ಕೆಳಗಿಳಿಸಿದೆ. ಮಲಗಲಿ ಬಿಡಿ ಎಂದೆ. ಸಾವಂತರಿಗೂ ಅರ್ಥವಾಯಿತು. ರೈಲು ಹೊರಟುಹೋಯಿತು. ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ ಸದ್ದಿಲ್ಲದೆ ಬಾಗಿಲೆಳೆದುಕೊಂಡು ಬಂದವರ ಹಾಗೆ ನಾವು ನಮ್ಮ ರೈಲು ಹತ್ತಿದೆವು. ಆವತ್ತು ಅವರ ಜಾಗದಲ್ಲಿ ಠಾಣೆಯವರೆಗೆ ಯಾರೂ ಕೂರದೆ ಬರೀ ಒಂದು ಚೀಲ ಕೂತಿತ್ತು. ನಿಂತವರು ಬೈದರು, ಬೈಸಿಕೊಂಡೆವು.

ಮರುದಿನವೂ ಅವರು ಮಲಗಿಯೇ ದಾಟಿದರು. ಆಮೇಲೆ ಕಿಟಕಿಯಲ್ಲಿ ಕಾಣಲಿಲ್ಲ, ಆಚೆ ಬದಿಗೆ ಕೂರುತ್ತಿದ್ದರೋ ಏನೋ. ದಸರೆಗೆ ನಾವು ರೈಲಿನ ಡಬ್ಬಿಗೆ ಚೆಂಡುಹೂವು ಕಟ್ಟಿ ಪೂಜೆ ಮಾಡುವಾಗ ಮಾತ್ರ ಬಂದರು, ಒಂದು ಬಾಟ್ಲಿ ಗುರೆಳ್ಳು ಚಟ್ನಿ ಹಿಡಿದುಕೊಂಡು. ಇತ್ತೀಚೆಗೆ ಭಾರೀ ನಿದ್ದೆ, ಡೊಂಬಿವಲಿ ಬಂದದ್ದೇ ಗೊತ್ತಾಗುವುದಿಲ್ಲ ಎಂದರು. ನಾವೂ ಹೂಂಗುಟ್ಟಿದೆವು. ಕೆಲಸದಿಂದ ಬಿಡುಗಡೆಯಾಗಿ, ಮಗಳ ಮದುವೆ ಮಾಡಿ, ಫ್ಲ್ಯಾಟು ಮಾರಿ ಹುಬ್ಬಳ್ಳಿಗೆ ಹೋದರು. ಹಬ್ಬಕ್ಕೊಮ್ಮೆ ಫೋನು, ಅಷ್ಟೇ.

ಈಗ ನನ್ನ ಕಣ್ಣು ಮುಚ್ಚುವ ಕತೆ. ಟಿಟ್ವಾಳಾಕ್ಕೆ ಬಂದ ಹೊಸದರಲ್ಲಿ ನಾನು ಕಿಟಕಿಯಿಂದ ನಮ್ಮ ಗುಂಪಿಗೆ ಕೈಬೀಸುತ್ತಿದ್ದೆ. ಗುಂಪು ಎಂದರೆ ಈಗ ಸಾವಂತರು ಮತ್ತು ಹೊಸಬರು ಕೆಲವರು. ಸಾವಂತರಿಗೂ ತಲೆ ನರೆತಿದೆ, ಹಾರಿ ಹತ್ತುವ ಕೆಲಸ ಬೇರೆಯವರಿಗೆ ಹೋಗಿದೆ. ಅವರು ಕೈಮಾಡಿ ಬನ್ನಿ ಬನ್ನಿ ಎಂದು ಕರೆಯುತ್ತಿದ್ದರು. ನನ್ನ ಕಾಲು ತಾನಾಗಿಯೇ ಚಪ್ಪಲಿ ಹುಡುಕುತ್ತಿತ್ತು. ನನಗೆ ರಕ್ತದೊತ್ತಡದ ಗುಳಿಗೆ ಶುರುವಾಗಿದೆ, ರೈಲಿನಲ್ಲಾದರೂ ಮಲಗುತ್ತೇನೆ ಎಂದು ಹೆಂಡತಿಗೆ ಮಾತು ಕೊಟ್ಟಿದ್ದೇನೆ. ಅದಕ್ಕೇ ಠಾಕುರ್ಲಿ ಬಂದ ಕೂಡಲೇ ಕಣ್ಣು ಮುಚ್ಚುತ್ತೇನೆ. ಡೊಂಬಿವಲಿ ದಾಟಿದ ಮೇಲೆ ತೆರೆಯುತ್ತೇನೆ. ಮೊನ್ನೆ ಆ ಚಟ್ನಿಯ ವಾಸನೆ ಬಂದದ್ದು ಸರಿಯಾಗಿ ಆ ಕತ್ತಲೆಯಲ್ಲಿ. ಆಗ ತಟ್ಟನೆ ಹೊಳೆಯಿತು. ಹಿರೇಮಠರು ಆವತ್ತು ನಿಜವಾಗಿ ಮಲಗಿದ್ದರೇ?

ಸಂಜೆ ಮನೆಗೆ ಬಂದವನೇ ಹುಬ್ಬಳ್ಳಿಗೆ ಫೋನು ಮಾಡಿ ಕೇಳಿದೆ. ಅವರು ನಕ್ಕರು. ಧ್ವನಿ ಕೃಶವಾಗಿದೆ, ನಗು ಅದೇ.

"ನಿದ್ದಿ ಎಲ್ಲೀದ್ರಿ ರಾಯರ. ಬ್ಯಾಡ ಅಂದಿದ್ರಲ್ಲ, ಒಂದಿನ ಕಣ್ಣ ಮುಚ್ಚಿ ನೋಡೂಣು ಅಂತ ಮಾಡಿದ್ನಿ. ನೀವು ಸಾವಂತರ ಕೈ ಹಿಡದದ್ದು ಎಲ್ಲಾ ಕಂಡಿತ್ತು."

ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ಚಲೋನ ಮಾಡಿದ್ರಿ," ಎಂದರು ಅವರೇ. "ಅವ್ರು ಕೈ ಮಾಡಿದ್ರ ನಾ ಇಳದ ಬರ್ತಿದ್ನಿ. ಬಂದಿದ್ರ ಮತ್ತ ಬಿಡಾಕ ಆಗ್ತಿರಲಿಲ್ಲ, ಎಲ್ಲೋ ಮೆಟ್ಟಲದ ಮ್ಯಾಲ ಬಿದ್ದು ಸಾಯ್ತಿದ್ನಿ. ಖರೇ ಹೇಳ್ತೀನಿ, ಆ ಸೀಟಿನ್ಯಾಗ ಒಂದಿನಾನೂ ನಿದ್ದಿ ಹತ್ತಲಿಲ್ಲ ನೋಡ್ರಿ ನನಗ."

ಫೋನಿಟ್ಟ ಮೇಲೆ ಹೆಂಡತಿ ಯಾರದು ಎಂದು ಕೇಳಿದಳು. ಹೇಳಿದೆ. ಅವಳು ಗೋಡೆಯ ಖಾಲಿ ಮೊಳೆಗಳ ಕಡೆ ನೋಡಿ ಒಳಗೆ ಹೋದಳು.

ಮರುದಿನ ಠಾಕುರ್ಲಿ ಬಂತು, ಎಂದಿನಂತೆ ಕಣ್ಣು ಮುಚ್ಚಿದೆ. ಡೊಂಬಿವಲಿಯಲ್ಲಿ ರೈಲು ನಿಂತಿತು. ಹಿರೇಮಠರು ನೋಡಿದ ಹಾಗೆಯೇ ರೆಪ್ಪೆ ಒಂದಿಷ್ಟು ಸರಿಸಿ ನೋಡಿದೆ. ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಸಾವಂತರು ಕತ್ತು ಉದ್ದ ಮಾಡಿ ನನ್ನ ಕಿಟಕಿಯನ್ನೇ ನೋಡುತ್ತಿದ್ದರು. ಅವರ ಕೈ ಮೆಲ್ಲಗೆ ಮೇಲೇಳುತ್ತಿತ್ತು. ಆಚೀಚೆ ಇದ್ದವರೆಲ್ಲ ಹೊಸಬರು, ಫೋನಿನಲ್ಲಿ ಮುಳುಗಿದವರು. ಆ ಕೈಯನ್ನು ಹಿಡಿಯುವವರು ಯಾರೂ ಇರಲಿಲ್ಲ.

ನಾನು ಚೀಲ ಎತ್ತಿಕೊಂಡು ಇಳಿದೆ. ಸೇತುವೆಯ ಮೆಟ್ಟಿಲು ಹತ್ತುವಾಗ ಮೊಣಕಾಲು ನೋಯುತ್ತಿತ್ತು.